ಡೈವಿಂಗ್ ರೀಲಿಗೆ ಯಾವ ದಾರ ಸುತ್ತಬೇಕು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ, ಮನೆಯಲ್ಲಿ ರೇಷ್ಮೆ ರೀಲಿಂಗ್ ಕಸುಬು. ಮುರ್ಡೇಶ್ವರದಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ, ನೇತ್ರಾಣಿಯಲ್ಲಿ ಏಳೆಂಟು ಡೈವ್ ಆಗಿವೆ. ಈಚೆಗೆ ಹಳೆಯ ಸ್ಕೂಬಾ ರೀಲ್ ಒಂದನ್ನು ಕೊಂಡೆ. ಅದರಲ್ಲಿ ದಾರ ಇಲ್ಲ. ಮೇಲೆ ‘2 ಮಿ.ಮೀ., 60 ಮೀ.’ ಎಂದು ಬರೆದಿದೆ. ಚಿಕ್ಕಬಳ್ಳಾಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಥರ ತೋರಿಸಿದರು: ಬೋರ್‌ವೆಲ್ ಮೋಟರಿಗೆ ಕಟ್ಟುವಂಥ ಹಳದಿ ಪ್ಲಾಸ್ಟಿಕ್ ಹಗ್ಗದ ಸಣ್ಣ ಸೈಜು, ಗಾರೆ ಮೇಸ್ತ್ರಿಗಳ ನೈಲಾನ್ ದಾರ, ಮತ್ತೆ ಬಿಳಿ ಹೆಣಿಗೆ ದಾರ. ಮುಖ್ಯವಾಗಿ, ಡೈವರ್ ಇರುವ ಜಾಗ ತೋರಿಸಲು ಕೆಳಗಿಂದ ಮೇಲಕ್ಕೆ ಬಿಡುವ ಗಾಳಿಚೀಲ, ಅಂದರೆ ಎಸ್‌ಎಂಬಿ ಬಿಡಲು ಬೇಕು. ಯಾವುದು ಸರಿ, ಎಷ್ಟು ದಪ್ಪ, ಎಷ್ಟು ಉದ್ದ? ಊರಲ್ಲಿ ಕೆರೆ, ಕಲ್ಲುಕ್ವಾರಿಯಲ್ಲಿ ಹುಡುಕಾಟಕ್ಕೆ ಕರೆದರೆ ಇದೇ ರೀಲ್ ಸಾಕೇ?

ಉತ್ತರ: ಅಂಗಡಿಯವರು ಕಾಯುತ್ತಿದ್ದಾರೆ ಅಂದುಕೊಂಡು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೆಣೆದ ಪಾಲಿಯೆಸ್ಟರ್ ಅಥವಾ ಹೆಣೆದ ನೈಲಾನ್, 2 ಮಿ.ಮೀ. ದಪ್ಪ, ಕಿತ್ತಳೆ ಅಥವಾ ಹಳದಿ ಬಣ್ಣ, 40 ಮೀಟರ್. ಹಳದಿ ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ. ಮೇಸ್ತ್ರಿ ದಾರವೂ ಬೇಡ. ಬಿಳಿ ಹೆಣಿಗೆ ದಾರ ಆಗಬಹುದು, ಆದರೆ ಅದು ಯಾವ ನಾರು ಎಂದು ಪರೀಕ್ಷೆ ಮಾಡದೆ ಸುತ್ತಬೇಡಿ. ಕೆರೆ, ಕ್ವಾರಿಯ ಹುಡುಕಾಟ ಈ ರೀಲಿನ ಕೆಲಸವಲ್ಲ. ಅದರ ಮಾತು ಕೊನೆಯಲ್ಲಿ.

ದಾರ ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಮಾತು ‘ಎಷ್ಟು ಕೆ.ಜಿ. ತಡೆಯುತ್ತೆ?’ ಬಾವಿಗೆ ಮೋಟರ್ ಇಳಿಸುವವರು ಕೇಳಬೇಕಾದ ಮಾತು ಅದು. ಡೈವಿಂಗ್ ರೀಲಿನಲ್ಲಿ ಗಟ್ಟಿತನ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಲೆಕ್ಕ ಹಾಕಿ ನೋಡಿ. 1.2 ಮೀಟರ್ ಉದ್ದ, ಗಾಳಿ ತುಂಬಿದಾಗ 12 ಸೆಂ.ಮೀ. ಅಡ್ಡಳತೆ ಇರುವ ಎಸ್‌ಎಂಬಿ ಹಿಡಿಸುವುದು ಸುಮಾರು 13.5 ಲೀಟರ್ ಗಾಳಿ. ಅಂದರೆ ಅದು ಪೂರ್ತಿ ತುಂಬಿ, ಪೂರ್ತಿ ಮುಳುಗಿದ್ದರೂ ಮೇಲಕ್ಕೆ ಎಳೆಯುವುದು 13–14 ಕೆ.ಜಿ.ಯಷ್ಟು. 2 ಮಿ.ಮೀ. ಹೆಣೆದ ನೈಲಾನ್ ಹೊಸದಿದ್ದಾಗ ಸುಮಾರು 100 ಕೆ.ಜಿ.ಗೆ ಹರಿಯುತ್ತದೆ. ನೈಲಾನ್ ಒದ್ದೆಯಾದಾಗ ನೂರಕ್ಕೆ ಹತ್ತು–ಹದಿನೈದು ಭಾಗ ಬಲ ಕಳೆದುಕೊಳ್ಳುತ್ತದೆ: 85. ಗಂಟು ಹಾಕಿದ ಜಾಗದಲ್ಲಿ ಅರ್ಧ ಹೋಯಿತು ಎಂದೇ ಇಟ್ಟುಕೊಳ್ಳಿ: 42. ಕಲ್ಲಿಗೆ ಉಜ್ಜಿ ಸವೆದು ಇನ್ನರ್ಧ ಹೋಯಿತು: 21. ಆಗಲೂ ಎಸ್‌ಎಂಬಿ ಎಳೆಯುವುದಕ್ಕಿಂತ ಹೆಚ್ಚೇ ಉಳಿಯಿತು. ಹಾಗಾಗಿ ಗಟ್ಟಿತನದ ಚಿಂತೆ ಬಿಡಿ. ನೀರೊಳಗೆ ದಾರ ಹೇಗೆ ನಡೆದುಕೊಳ್ಳುತ್ತದೆ? ತೇಲುತ್ತದೋ, ಮುಳುಗುತ್ತದೋ, ಸುರುಳಿ ಸುತ್ತಿಕೊಳ್ಳುತ್ತದೋ, ಗಂಟು ಹಿಡಿಯುತ್ತದೋ, ಕೈಗೆ ಸಿಗುತ್ತದೋ? ನೋಡಬೇಕಾದ್ದು ಇಷ್ಟನ್ನು.

ಹಳದಿ ಹಗ್ಗದ ತೊಂದರೆ ಶುರುವಾಗುವುದೇ ಇಲ್ಲಿ. ಅದು ಪಾಲಿಪ್ರೊಪಿಲೀನ್. ಅದರ ಸಾಂದ್ರತೆ ಸುಮಾರು 0.91, ನೀರಿನದು 1, ಸಮುದ್ರದ ನೀರಿನದು 1.025. ಆದ್ದರಿಂದ ಎಲ್ಲಿ ಬಿಟ್ಟರೂ ತೇಲುತ್ತದೆ. ಕೊಳವೆಬಾವಿಯಲ್ಲಿ ಹಗ್ಗಕ್ಕೆ ಮೋಟರಿನ ಭಾರ ಇರುವುದರಿಂದ ತೇಲುವ ಗುಣ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಡೈವರ್ ಕೈಯಲ್ಲಿ ಹಾಗಲ್ಲ. ನೀವು ಎರಡು ಮೀಟರ್ ಸಡಿಲ ಬಿಟ್ಟರೆ ಆ ಎರಡು ಮೀಟರ್ ನಿಮ್ಮ ತಲೆಯ ಮೇಲೆ ಕಮಾನಿನಂತೆ ಎದ್ದು ನಿಲ್ಲುತ್ತದೆ. ಹಿಂದೆ ಸಿಲಿಂಡರಿನ ವಾಲ್ವ್, ಅದಕ್ಕೆ ಕೂರಿಸಿದ, ಗಾಳಿಯ ಒತ್ತಡ ಇಳಿಸುವ ಫಸ್ಟ್ ಸ್ಟೇಜ್ ಇರುವುದೂ ಅಲ್ಲೇ, ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಒಮ್ಮೆ ಸಿಕ್ಕಿಕೊಂಡರೆ ಬಿಡಿಸಲು ಇನ್ನೊಬ್ಬರ ಕೈ ಬೇಕು. ಮೇಲ್ಗಡೆಯೂ ಅಪಾಯವಿದೆ. ಅಲೆಗೆ ಎಸ್‌ಎಂಬಿ ಏರಿಳಿದಾಗ ಸಡಿಲವಾದ ತುಂಡು ನೀರಿನ ಮೇಲೆಯೇ ಹರಡಿಕೊಳ್ಳುತ್ತದೆ. ನೇತ್ರಾಣಿಯ ಸುತ್ತ ದೋಣಿಗಳು ಓಡಾಡುತ್ತಿರುತ್ತವೆ. ಪ್ರೊಪೆಲರಿಗೆ ಸುತ್ತಿಕೊಂಡ ದಾರದ ಇನ್ನೊಂದು ತುದಿ ನಿಮ್ಮ ಕೈಯಲ್ಲಿದೆ ಎಂದರೆ ಮುಂದಿನದನ್ನು ವಿವರಿಸುವುದು ಬೇಡ. ಪಾಲಿಪ್ರೊಪಿಲೀನ್ ಬಿಸಿಲಿಗೂ ಬೇಗ ಸೋಲುತ್ತದೆ. ತೋಟದಲ್ಲಿ ವರ್ಷ ಕಳೆದ ಹಳದಿ ಹಗ್ಗವನ್ನು ಕೈಯಲ್ಲಿ ಉಜ್ಜಿದರೆ ಪುಡಿಪುಡಿ ಉದುರುವುದನ್ನು ನೀವು ನೋಡಿರುತ್ತೀರಿ.

ನೈಲಾನಿನ ಸಾಂದ್ರತೆ ಸುಮಾರು 1.14, ಪಾಲಿಯೆಸ್ಟರಿನದು 1.38. ಎರಡೂ ಮುಳುಗುತ್ತವೆ, ಪಾಲಿಯೆಸ್ಟರ್ ತುಸು ಬೇಗ. ಮುಳುಗುವ ದಾರ ಸಡಿಲವಾದರೆ ನಿಮ್ಮ ಕೆಳಗೆ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ, ಫಿನ್ನಿಗೆ ತಗುಲಿದರೂ ಬಗ್ಗಿ ಬಿಡಿಸಿಕೊಳ್ಳಬಹುದು.

ಈಗ ಅಂಗಡಿಯ ಬಿಳಿ ದಾರಕ್ಕೆ ಬರೋಣ. ಅಂಗಡಿಯಲ್ಲಿ ‘ನೈಲಾನ್’ ಅಂದರೆ ಹತ್ತಿ ಅಲ್ಲದ ಎಲ್ಲವೂ ನೈಲಾನೇ. ಹಾಗಾಗಿ ಮನೆಯಲ್ಲಿ ಪರೀಕ್ಷೆ ಮಾಡಿ. ಬೇಕಾದ್ದು ಎರಡು ಲೋಟ, ಅಡುಗೆ ಉಪ್ಪು, ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ. ಮೂರು ಸೆಂ.ಮೀ. ದಾರ ಕತ್ತರಿಸಿ, ಹೆಣಿಗೆ ಬಿಚ್ಚಿ ಎಳೆ ಎಳೆಯಾಗಿ ಬಿಡಿಸಿ. ಸೋಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಹಿಸುಕಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿ. ಇದನ್ನು ಬಿಟ್ಟರೆ ಗಾಳಿಗುಳ್ಳೆ ಹಿಡಿದುಕೊಂಡು ಎಂಥ ನಾರೂ ತೇಲಿ ನಿಮಗೆ ಸುಳ್ಳು ಹೇಳುತ್ತದೆ. ಮೊದಲ ಲೋಟದಲ್ಲಿ ಬರೀ ನೀರು. ಎಳೆ ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಅಂಥದ್ದೇ ಇನ್ನೊಂದು, ಪಕ್ಕಕ್ಕಿಡಿ. ಮುಳುಗಿತೋ, ಎರಡನೇ ಲೋಟಕ್ಕೆ ಬನ್ನಿ. 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು, ಅಂದರೆ ತಳದಲ್ಲಿ ಒಂದಿಷ್ಟು ಕರಗದೆ ಉಳಿಯುವವರೆಗೆ, ಹಾಕಿ ಚೆನ್ನಾಗಿ ಕಲಕಿ, ಮೇಲಿನ ತಿಳಿ ತೆಗೆದುಕೊಳ್ಳಿ. ಈ ಉಪ್ಪುನೀರಿನ ಸಾಂದ್ರತೆ 1.2ರ ಹತ್ತಿರ ಇರುತ್ತದೆ. ಅದರಲ್ಲಿ ನೈಲಾನ್ ತೇಲುತ್ತದೆ, ಪಾಲಿಯೆಸ್ಟರ್ ಮುಳುಗುತ್ತದೆ. ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಇಲ್ಲೊಂದು ಮೋಸವಿದೆ. ಪರದೆ ಎಳೆಯಲು ಬಳಸುವಂಥ ಬಿಳಿ ದಾರಗಳಲ್ಲಿ ಮೇಲೆ ಚೆಂದದ ಹೆಣಿಗೆ, ಒಳಗೆ ಅಗ್ಗದ ಬೇರೆ ನಾರಿನ ತಿರುಳು ಇರುವುದುಂಟು. ತುದಿಯಲ್ಲಿ ಹೆಣಿಗೆಯನ್ನು ಹಿಂದಕ್ಕೆ ಸರಿಸಿ ನೋಡಿ. ತಿರುಳಿದ್ದರೆ ಅದನ್ನೂ ಸಿಪ್ಪೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಅಂಥ ದಾರದಲ್ಲಿ ಸಿಪ್ಪೆ ಸವೆದು ಜಾರಿದಾಗ ಒಂದು ಕಡೆ ಬೊಕ್ಕೆ, ಇನ್ನೊಂದು ಕಡೆ ಬೋಳು ತಿರುಳು. ರೀಲಿನ ಬಾಯಲ್ಲಿ ಆ ಬೊಕ್ಕೆ ಬಂದು ನಿಂತರೆ ಕೆಲಸ ಮುಗಿಯಿತು. ಸಣ್ಣ ದಾರದಲ್ಲಿ ತಿರುಳಿಲ್ಲದ, ಬಿಗಿಯಾದ ಹೆಣಿಗೆಯೇ ವಾಸಿ. ಹತ್ತಿ ಬೆರಕೆ ಇದೆ ಎಂಬ ಅನುಮಾನ ಬಂದರೆ ತುದಿಗೆ ಬೆಂಕಿ ತೋರಿಸಿ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತವೆ, ಹತ್ತಿ ಉರಿದು ಬೂದಿಯಾಗುತ್ತದೆ. ಹತ್ತಿ ನೀರಲ್ಲಿ ಕೊಳೆಯುತ್ತದೆ, ಬೇಡ.

ಮೇಸ್ತ್ರಿ ದಾರ ನಿಜವಾದ ನೈಲಾನೇ ಇರಬಹುದು. ಅದನ್ನು ಬೇಡ ಎನ್ನಲು ಕಾರಣ ಎರಡು. ಒಂದು, ಅದು ಹೆಣೆದದ್ದಲ್ಲ, ಹುರಿ ಹಾಕಿದ್ದು. ಹುರಿಯ ವಿಷಯ ನಿಮ್ಮ ಮನೆಯವರಿಗೆ ಹೇಳಿಕೊಡಬೇಕಿಲ್ಲ. ಹುರಿ ಹಾಕಿದ ಎಳೆಗೆ ಬಿಗಿ ತಪ್ಪಿದ ಕೂಡಲೇ ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ಕುಣಿಕೆಯಾಗುತ್ತದೆ. ಎಸ್‌ಎಂಬಿ ಮೇಲೇರುವಾಗ ಗಿರಗಿರ ತಿರುಗುತ್ತದೆ. ಆ ತಿರುಗು ದಾರಕ್ಕೆ ಇಳಿದು, ಒಂದು ಕಡೆ ಹುರಿ ಬಿಚ್ಚುತ್ತದೆ, ಇನ್ನೊಂದು ಕಡೆ ವಿಪರೀತ ಏರುತ್ತದೆ. ಆಮೇಲೆ ಸುತ್ತಿಕೊಳ್ಳಲು ಹೋದರೆ ಅಲ್ಲಲ್ಲಿ ಚಿಕ್ಕ ಚಿಕ್ಕ ಕುಡಿಗಳು ನಿಂತಿರುತ್ತವೆ. ಹೆಣೆದ ದಾರದಲ್ಲಿ ಅರ್ಧ ಎಳೆಗಳು ಬಲಕ್ಕೆ, ಅರ್ಧ ಎಡಕ್ಕೆ ಹೋಗುವುದರಿಂದ ಈ ಸೆಳೆತ ಇಲ್ಲ. ಸಡಿಲ ಬಿಟ್ಟರೂ ಸುಮ್ಮನೆ ಬಿದ್ದಿರುತ್ತದೆ. ಗಂಟೂ ಹೆಣಿಗೆಯಲ್ಲಿ ಚೆನ್ನಾಗಿ ಕೂರುತ್ತದೆ. ಎರಡನೆಯ ಕಾರಣ ದಪ್ಪ. ಮೇಸ್ತ್ರಿ ದಾರ ಒಂದು ಮಿ.ಮೀ. ಆಸುಪಾಸು. ನೀರಲ್ಲಿ ನೆನೆದ ಬೆರಳಿಗೆ ಅದು ಬ್ಲೇಡಿನಂತೆ ಕೊರೆಯುತ್ತದೆ, ಗ್ಲೌಸ್ ಹಾಕಿದರೆ ಕೈಗೆ ಸಿಕ್ಕಿದ್ದೇ ಗೊತ್ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ರೀಲಿನೊಳಗಿದೆ. ನಿಮ್ಮ ರೀಲನ್ನು ಬೆಳಕಿಗೆ ಹಿಡಿದು, ತಿರುಗುವ ಚಕ್ರದ ಅಂಚಿಗೂ ಹೊರಗಿನ ಚೌಕಟ್ಟಿಗೂ ನಡುವೆ ಎಷ್ಟು ಸಂದು ಇದೆ ನೋಡಿ. ದಾರ ಆ ಸಂದಿಗಿಂತ ಸಣ್ಣದಾಗಿದ್ದರೆ, ಒಂದು ಸುತ್ತು ಸಡಿಲವಾದಾಗ ಅಂಚು ದಾಟಿ ಸಂದಿಗೆ ಇಳಿಯುತ್ತದೆ, ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಚಕ್ರ ನಿಂತುಹೋಗುತ್ತದೆ. ಎಸ್‌ಎಂಬಿ ಮೇಲೆ ಹೋಗುತ್ತಿರುವ ಹೊತ್ತಿಗೆ ಹೀಗಾದರೆ ಅದರ ಜೊತೆ ನೀವೂ ಮೇಲೆ ಹೋಗುತ್ತೀರಿ. ಕೊಳ್ಳುವ ಮುನ್ನ ದಾರದ ತುಂಡೊಂದನ್ನು ಆ ಸಂದಿಗೆ ತೂರಿಸಲು ಪ್ರಯತ್ನಿಸಿ. ಸಲೀಸಾಗಿ ಒಳಗೆ ಹೋಯಿತೋ, ಆ ದಾರ ಆ ರೀಲಿಗೆ ಸಣ್ಣದು. ಹಳೆಯ ರೀಲುಗಳಲ್ಲಿ ಅಚ್ಚು ಸವೆದು ಚಕ್ರ ಅಲುಗಾಡುತ್ತಿರುತ್ತದೆ. ಚಕ್ರವನ್ನು ಒಂದು ಬದಿಗೆ ಒತ್ತಿ ಹಿಡಿದು, ಇನ್ನೊಂದು ಬದಿಯಲ್ಲಿ ದೊಡ್ಡದಾದ ಸಂದಿಯನ್ನು ಅಳತೆಗೆ ತೆಗೆದುಕೊಳ್ಳಿ. 2 ಮಿ.ಮೀ. ದಾರವೂ ತೂರಿಹೋದರೆ ಹೇಳಿಬಿಡುತ್ತೇನೆ, ಆ ರೀಲಿನ ಆಸೆ ಬಿಟ್ಟು 30 ಮೀಟರಿನ ಫಿಂಗರ್ ಸ್ಪೂಲ್, ಅಂದರೆ ಬೆರಳ ಮೇಲೆ ತಿರುಗುವ ಬರೀ ಉರುಳೆ, ಕೊಳ್ಳಿ. ಅದಕ್ಕೆ ಹಿಡಿಯೂ ಇಲ್ಲ, ಚೌಕಟ್ಟೂ ಇಲ್ಲ, ಸಿಕ್ಕಿಕೊಳ್ಳಲು ಸಂದಿಯೂ ಇಲ್ಲ. ನಿಮ್ಮಷ್ಟು ಡೈವ್ ಆದವರಿಗೆ ನಾನು ಮೊದಲು ಸೂಚಿಸುವುದೂ ಅದನ್ನೇ.

ದಪ್ಪ ಅಳೆಯಲು ವರ್ನಿಯರ್ ಬೇಕಿಲ್ಲ. ಪೆನ್ಸಿಲ್ ಮೇಲೆ ದಾರವನ್ನು ಒತ್ತೊತ್ತಾಗಿ, ಆದರೆ ಜಗ್ಗದೆ, 20 ಸುತ್ತು ಸುತ್ತಿ, ಸ್ಕೇಲಿನಲ್ಲಿ ಅಗಲ ಅಳೆದು 20ರಿಂದ ಭಾಗಿಸಿ. 40 ಮಿ.ಮೀ. ಬಂದರೆ 2 ಮಿ.ಮೀ. ಅಂಗಡಿಯ ಲೇಬಲ್ಲಿಗಿಂತ ಈ ಲೆಕ್ಕವನ್ನೇ ನಂಬಿ. ಡೈವಿಂಗ್ ಸಾಮಾನಿನವರು ಕೆಲವೊಮ್ಮೆ ‘ನಂಬರ್ 24’, ‘ನಂಬರ್ 36’ ಎನ್ನುತ್ತಾರೆ. ಅದು ಮಿ.ಮೀ. ಅಲ್ಲ, ಅಮೆರಿಕದ ನೈಲಾನ್ ದಾರದ ನಂಬರು. 24 ಅಂದರೆ ಹೆಚ್ಚುಕಡಿಮೆ 2 ಮಿ.ಮೀ., 36 ಅಂದರೆ ಎರಡೂವರೆಯ ಹತ್ತಿರ.

ಕರಾವಳಿಯ ಬಲೆ ಅಂಗಡಿಗಳಲ್ಲಿ ಇನ್ನೊಂದು ಭಾಷೆ: 210/36, 210/96. ಇದು ನಿಮಗೆ ಮನೆಮಾತು. ಮೊದಲ ಅಂಕಿ ಡೆನಿಯರ್, ಎರಡನೆಯದು ಅಂಥ ಎಷ್ಟು ನೂಲು ಸೇರಿಸಿದ್ದಾರೆ ಎಂಬುದು. 9000 ಮೀಟರ್ 20ರಿಂದ 22 ಗ್ರಾಂ ತೂಗಿದರೆ 20/22 ಡೆನಿಯರ್ ರೇಷ್ಮೆ ಎನ್ನುತ್ತೀರಲ್ಲ, ಅದೇ ಲೆಕ್ಕ. 210ನ್ನು 96ರಿಂದ ಗುಣಿಸಿದರೆ 20160, ಅಂದರೆ 9000 ಮೀಟರಿಗೆ 20 ಕೆ.ಜಿ. ಚಿಲ್ಲರೆ, ಒಂದು ಮೀಟರಿಗೆ 2.24 ಗ್ರಾಂ. ಅದು 2 ಮಿ.ಮೀ. ಆಸುಪಾಸಿನ ದಾರ. ಹುರಿ ಹಾಕಿದಾಗ ಉದ್ದ ಕುಗ್ಗುವುದರಿಂದ ನಿಜ ತೂಕ ತುಸು ಹೆಚ್ಚೇ ಬರುತ್ತದೆ. ಬಲೆ ಅಂಗಡಿಯಲ್ಲಿ ಒಳ್ಳೆಯ ನೈಲಾನ್ ಸಿಗುತ್ತದೆ, ಆದರೆ ಬಹುಪಾಲು ಹುರಿಯದ್ದೇ. ‘ಹೆಣೆದದ್ದು ಕೊಡಿ’ ಎಂದು ಕೇಳಿ ಪಡೆಯಬೇಕು.

ನಿಮ್ಮ ರೀಲಿನ ಮೇಲಿನ ‘2 ಮಿ.ಮೀ., 60 ಮೀ.’ ಬರಹದಿಂದ ಬೇರೆ ದಪ್ಪದ ಲೆಕ್ಕವೂ ಸಿಗುತ್ತದೆ. ಹಿಡಿಸುವ ಉದ್ದ ದಪ್ಪದ ವರ್ಗಕ್ಕೆ ವಿಲೋಮ. ಎರಡೂವರೆ ಮಿ.ಮೀ. ಹಾಕಿದರೆ 60 ಇಂಟು 4 ಭಾಗಿಸು 6.25, ಅಂದರೆ 38 ಮೀಟರ್. 3 ಮಿ.ಮೀ. ಆದರೆ 27 ಮೀಟರ್ ಅಷ್ಟೇ. ಅರ್ಧ ಮಿ.ಮೀ. ಹೆಚ್ಚಾದರೆ ಏನಾಯಿತು ಅನ್ನಿಸುತ್ತದೆ, ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ದಾರ ಹೊರಗುಳಿಯುತ್ತದೆ.

ಎಷ್ಟು ಉದ್ದ ಬೇಕು? ಎಸ್‌ಎಂಬಿಯನ್ನು ಯಾವ ಆಳದಿಂದ ಬಿಡುತ್ತೀರೋ ಅದರ ಒಂದೂವರೆ ಪಟ್ಟು. ಓಪನ್ ವಾಟರ್ ಡೈವರಿಗೆ ಮಿತಿ 18 ಮೀಟರ್, ಹಾಗಾಗಿ 27. ಸೆಳವು ಇದ್ದಾಗ ದಾರ ನೆಟ್ಟಗೆ ನಿಲ್ಲದೆ ಓರೆಯಾಗುತ್ತದೆ, ಆ ಹೆಚ್ಚುವರಿ ಅರ್ಧ ಅದಕ್ಕೆ. 30 ಮೀಟರ್ ಸಾಕು. 40 ಅಂದದ್ದು ಮುಂದೆ ತುದಿ ಸವೆದಾಗ ಒಂದೆರಡು ಮೀಟರ್ ಕತ್ತರಿಸಿ ಬಿಸಾಡಲು ಮನಸ್ಸು ಬರಲಿ ಎಂದು. ರೀಲ್ 60 ಹಿಡಿಸುತ್ತದೆ ಎಂದು 60 ತುಂಬಬೇಡಿ. ಅಂಚಿನಿಂದ ಕನಿಷ್ಠ 5–6 ಮಿ.ಮೀ. ಖಾಲಿ ಇರಲೇಬೇಕು. ನೀವು ಮನೆಯಲ್ಲಿ ಕೂತು ಬಿಗಿಯಾಗಿ ಸುತ್ತಿದ್ದು ನೀರಲ್ಲಿ ಒಮ್ಮೆ ಬಿಚ್ಚಿ ಸುತ್ತಿದಾಗ ಅಷ್ಟೇ ಜಾಗದಲ್ಲಿ ಕೂರುವುದಿಲ್ಲ, ಉಬ್ಬುತ್ತದೆ, ಅಂಚು ದಾಟುತ್ತದೆ.

ನೈಲಾನೋ ಪಾಲಿಯೆಸ್ಟರೋ ಎಂಬ ಜಗಳ ಮುಗಿಯುವಂಥದ್ದಲ್ಲ. ನೈಲಾನ್ ಉಜ್ಜಾಟ ಚೆನ್ನಾಗಿ ತಡೆಯುತ್ತದೆ, ಹಿಗ್ಗುತ್ತದೆ. ಕಲ್ಲಿನಿಂದ ಕಲ್ಲಿಗೆ ಕಟ್ಟಿಕೊಂಡು ಹೋಗುವ ಗುಹೆ ಡೈವರುಗಳಿಗೆ ಆ ಹಿಗ್ಗೇ ಬೇಕು, ದಾರ ಬಿಗಿಯಾಗಿಯೇ ನಿಲ್ಲುತ್ತದೆ. ಫ್ಲೋರಿಡಾ, ಮೆಕ್ಸಿಕೋದ ಗುಹೆಗಳಲ್ಲಿ ನೈಲಾನ್ ದಾರವೇ ರೂಢಿಯಾಗಿರುವುದು ಸುಮ್ಮನೆ ಅಲ್ಲ. ಆದರೆ ನೈಲಾನ್ ನೀರು ಕುಡಿಯುತ್ತದೆ, ಮೊದಲ ಸಲ ನೆನೆದು ಒಣಗಿದಾಗ ಕುಗ್ಗುತ್ತದೆ. ಅಂಗಡಿಯಿಂದ ತಂದ ದಿನವೇ ಅಳೆದು ಗುರುತು ಹಾಕಿದರೆ ಆ ಗುರುತು ಸುಳ್ಳಾಗುತ್ತದೆ. ಬಿಗಿಯಾಗಿ ಸುತ್ತಿದ ಹೊಸ ನೈಲಾನ್ ಒದ್ದೆಯಾದಾಗ ಸ್ಪೂಲನ್ನು ಹಿಂಡುತ್ತದೆ ಕೂಡ. ಅದಕ್ಕೇ ಲಡಿಯನ್ನು ಸಡಿಲವಾಗಿ ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇನ್ನೊಮ್ಮೆ ಹಾಗೇ ಮಾಡಿ, ಆಮೇಲೆ ಅಳೆಯಿರಿ. ಪಾಲಿಯೆಸ್ಟರಿಗೆ ಈ ತಾಪತ್ರಯ ಇಲ್ಲ. ನೀರು ಕುಡಿಯುವುದು ನಾಮಮಾತ್ರ, ಹಿಗ್ಗು ಕಡಿಮೆ, ಬಿಸಿಲು ತಡೆಯುತ್ತದೆ. ಬರೀ ಎಸ್‌ಎಂಬಿಗಾದರೆ ನನ್ನ ಮತ ಪಾಲಿಯೆಸ್ಟರಿಗೆ. ಇಲ್ಲಿ ದಾರದ ಮೇಲಿನ ಗುರುತು ಆಳ ಹೇಳುತ್ತದೆ, ಆ ಗುರುತು ಜಾಗ ಬಿಟ್ಟು ಸರಿಯಬಾರದು.

ಡೈನೀಮಾ ಎಂಬ ಬಲು ಗಟ್ಟಿ ನಾರಿನ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಗಟ್ಟಿತನ ನಿಜ, ಅಷ್ಟೇ ದಪ್ಪದ ನೈಲಾನಿಗಿಂತ ಎಷ್ಟೋ ಪಟ್ಟು. ಆದರೆ ಸಾಂದ್ರತೆ 0.97, ತೇಲುತ್ತದೆ. ಮೈ ನುಣುಪು, ಮಾಮೂಲಿ ಗಂಟು ಜಾರುತ್ತದೆ. ಮತ್ತೆ ಅದರ ಗಟ್ಟಿತನವೇ ಶತ್ರು: ಕಾಲಿಗೆ ಸುತ್ತಿಕೊಂಡಾಗ ಸುಲಭವಾಗಿ ಕತ್ತರಿಸಬರಬೇಕು, ಮೊಂಡ ಚಾಕು ಡೈನೀಮಾ ಮೇಲೆ ಜಾರುತ್ತದೆ. ಯಾವ ದಾರ ತಂದರೂ ಸುತ್ತುವ ಮೊದಲು ಒಂದು ತುಂಡನ್ನು ನೆನೆಸಿ, ಸಡಿಲವಾಗಿ ಹಿಡಿದು, ನಿಮ್ಮ ಡೈವಿಂಗ್ ಚಾಕುವಿನಿಂದ ಒಂದೇ ಕೈಯಲ್ಲಿ ಕತ್ತರಿಸಿ ನೋಡಿ. ಒಂದೆರಡು ಎಳೆತಕ್ಕೆ ಹರಿಯದಿದ್ದರೆ ದಾರ ಬದಲಿಸಿ, ಇಲ್ಲವೇ ಚಾಕು ಬದಲಿಸಿ. ಟ್ರಾಮಾ ಕತ್ತರಿ ಅಥವಾ ಲೈನ್ ಕಟರ್ ಚಾಕುವಿಗಿಂತ ಮೇಲು.

ಬಣ್ಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನೀಲಿ, ಹಸಿರು, ಕಪ್ಪು ಬೇಡ. ತಿಳಿನೀರಿನಲ್ಲಿ ಬಿಳಿಯೂ ಚೆನ್ನಾಗಿ ಕಾಣುತ್ತದೆ, ಗುಹೆಯವರು ಬಳಸುವುದೂ ಅದನ್ನೇ. ನಮ್ಮ ಕಡೆಯ ಕೆಮ್ಮಣ್ಣಿನ ನೀರಿನಲ್ಲಿ ಒಮ್ಮೆ ಅದ್ದಿದರೆ ಬಿಳಿ ದಾರ ಇಟ್ಟಿಗೆ ಬಣ್ಣಕ್ಕೆ ತಿರುಗಿ ಮತ್ತೆ ಬಿಳಿಯಾಗುವುದಿಲ್ಲ ಅನ್ನುವುದೊಂದೇ ಕೊರತೆ.

ಸುತ್ತುವ ಕೆಲಸ. ಅಂಗಳದಲ್ಲೋ ತಾರಸಿಯಲ್ಲೋ 5 ಮೀಟರ್ ಅಂತರದಲ್ಲಿ ಎರಡು ಕಂಬ ನೋಡಿಕೊಳ್ಳಿ. ಒಂದು ಸುತ್ತು ಹೋಗಿ ಬಂದರೆ 10 ಮೀಟರ್, ನಾಲ್ಕು ಸುತ್ತಿಗೆ 40. ದಾರದ ಒಳತುದಿಯನ್ನು ಚಕ್ರದ ರಂಧ್ರದಲ್ಲಿ ತೂರಿಸಿ ಚಕ್ರದ ನಡುಭಾಗಕ್ಕೇ ಸುತ್ತಿ ಗಂಟು ಹಾಕಿ. ಬರೀ ಸುತ್ತಿ ಬಿಟ್ಟರೆ ಅದು ಜಾರಿಕೊಂಡೇ ತಿರುಗುತ್ತದೆ, ಕೊನೆಗೊಂದು ದಿನ ದಾರವೆಲ್ಲ ಎಸ್‌ಎಂಬಿಯ ಹಿಂದೆ ಹೋಗಿಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ದಾರವನ್ನು ಮೆತ್ತಗೆ ಅದುಮಿ ಹಿಡಿದು ಸಮ ಬಿಗಿಯಲ್ಲಿ ಸುತ್ತುತ್ತಾ ಹೋಗಿ. ಚರಕದಲ್ಲಿ ಎಳೆಯನ್ನು ಅತ್ತಿತ್ತ ಒಯ್ಯುವ ಏರ್ಪಾಡು ಯಾಕಿದೆ ಎಂಬುದು ನಿಮಗೆ ಗೊತ್ತು. ಒಂದೇ ಜಾಗದಲ್ಲಿ ಬಿದ್ದ ಎಳೆ ದಿಬ್ಬವಾಗುತ್ತದೆ, ದಿಬ್ಬ ಕುಸಿದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಹೋಗುತ್ತದೆ, ಆಮೇಲೆ ತುದಿ ಸಿಗದು. ಇಲ್ಲಿ ಆ ಏರ್ಪಾಡಿನ ಕೆಲಸವನ್ನು ನಿಮ್ಮ ಹೆಬ್ಬೆರಳು ಮಾಡಬೇಕು. ಸುತ್ತುವಾಗ ಅತ್ತಿಂದಿತ್ತ, ಇತ್ತಿಂದತ್ತ, ನೀರೊಳಗೂ ಅಷ್ಟೇ.

ಹೊರತುದಿಗೆ ಎಂಟರ ಗಂಟಿನ ಕುಣಿಕೆ ಹಾಕಿ. ಕುಣಿಕೆ ಎಷ್ಟು ದೊಡ್ಡದು ಎಂದರೆ ರೀಲ್ ಪೂರ್ತಿಯಾಗಿ ಅದರೊಳಗೆ ತೂರಿ ಬರಬೇಕು. ಎಸ್‌ಎಂಬಿಯ ಬಳೆಯೊಳಗೆ ಕುಣಿಕೆ ತೂರಿಸಿ, ಕುಣಿಕೆಯೊಳಗೆ ರೀಲ್ ತೂರಿಸಿ ಎಳೆದರೆ ಆಯಿತು, ನೀರಲ್ಲಿ ಗಂಟು ಹಾಕುವ ಕೆಲಸವೇ ಇಲ್ಲ. ಗಂಟಿನಾಚೆ ಬಾಲ 5 ಸೆಂ.ಮೀ. ಬಿಟ್ಟು, ತುದಿಯನ್ನು ಲೈಟರಿನಲ್ಲಿ ಕರಗಿಸಿ. ಕರಗಿದ ಮಣಿಯನ್ನು ಬೆರಳಿನಿಂದ ಮುಟ್ಟಬೇಡಿ, ಸುಟ್ಟು ಚರ್ಮಕ್ಕೆ ಅಂಟುತ್ತದೆ, ಚಮಚದ ಹಿಂಬದಿಯಿಂದ ಒತ್ತಿ. ಮಣಿ ಚೂಪಾಗಿದ್ದರೆ ಗ್ಲೌಸ್ ಹರಿಯುತ್ತದೆ.

ಕುಣಿಕೆಯ ಕಡೆಯಿಂದ 5 ಮೀಟರಿಗೆ ಒಂದು ಗುರುತು ಇರಲಿ. ಎಸ್‌ಎಂಬಿ ಮೇಲಿದೆ, ದಾರ ನೆಟ್ಟಗಿದೆ, ಗುರುತು ಕೈಗೆ ಬಂತು ಎಂದರೆ ಸೇಫ್ಟಿ ಸ್ಟಾಪಿನ, ಅಂದರೆ ಪೂರ್ತಿ ಮೇಲೆ ಬರುವ ಮುನ್ನ ಕೆಲವು ನಿಮಿಷ ನಿಲ್ಲುವ ಆಳಕ್ಕೆ ಬಂದಿದ್ದೀರಿ. ಗಂಟು ಹಾಕಿ ಗುರುತು ಮಾಡುವವರಿದ್ದಾರೆ, ಗುಹೆ ದಾರಗಳಲ್ಲಿ ಹತ್ತು ಅಡಿಗೊಂದು ಗಂಟು ಹಾಕುವ ಪದ್ಧತಿಯೂ ಇದೆ. ಎಸ್‌ಎಂಬಿ ರೀಲಿನಲ್ಲಿ ಗಂಟು ರೀಲಿನ ಬಾಯಿಗೆ ತಡೆಯುತ್ತದೆ. ಬೇರೆ ಬಣ್ಣದ ಪಾಲಿಯೆಸ್ಟರ್ ಹೊಲಿಗೆ ದಾರವನ್ನು ಸೂಜಿಯಲ್ಲಿ ಹೆಣಿಗೆಯ ಒಳಗಿಂದ ಹಾಯಿಸಿ, ಎರಡು ಸೆಂ.ಮೀ. ಉದ್ದಕ್ಕೆ ಒತ್ತಾಗಿ ಸುತ್ತಿ ಮತ್ತೆ ಒಳಗೆ ಹಾಯಿಸಿ ಕತ್ತರಿಸಿ. ಕಣ್ಣಿಗೂ ಕಾಣುತ್ತದೆ, ಬೆರಳಿಗೂ ತಿಳಿಯುತ್ತದೆ.

ಬಿಡುವಾಗಿನ ಒಂದೇ ನಿಯಮ: ರೀಲನ್ನು ಕೊಕ್ಕೆ ಹಾಕಿ ಮೈಗೆ ಸಿಕ್ಕಿಸಿಕೊಂಡು ಎಸ್‌ಎಂಬಿ ಬಿಡಬೇಡಿ. 10 ಮೀಟರಿನಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, ಅಲ್ಲಿ ಅರ್ಧ ತುಂಬಿದ ಎಸ್‌ಎಂಬಿ ಮೇಲೆ ಹೋಗುವಷ್ಟರಲ್ಲಿ ಪೂರ್ತಿ ತುಂಬಿರುತ್ತದೆ. ಅದಕ್ಕೇ ಕೆಳಗೆ ಸ್ವಲ್ಪವೇ ಗಾಳಿ ಸಾಕು. ದಾರ ಸಿಕ್ಕಿಕೊಂಡರೆ ಬಿಡಿಸಲು ಹೋಗದೆ ರೀಲನ್ನು ಕೈಬಿಡಿ. ಹೋದರೆ ರೀಲ್ ಹೋಗುತ್ತದೆ ಅಷ್ಟೇ.

ಇನ್ನು ಕೆರೆ, ಕ್ವಾರಿ. ನಿಮ್ಮ ಕಾಳಜಿ ಒಳ್ಳೆಯದು, ಆದರೆ ಓಪನ್ ವಾಟರ್ ಕಾರ್ಡು ಆ ಕೆಲಸಕ್ಕೆ ಪರವಾನಗಿಯಲ್ಲ. ಮುಳುಗಿದವರನ್ನು ಹುಡುಕುವುದು ಅಗ್ನಿಶಾಮಕ ಮತ್ತು ತುರ್ತು ಸೇವೆಯವರ ಕೆಲಸ. ಅಲ್ಲಿನ ನೀರಲ್ಲಿ ಕೈ ಮುಂದೆ ಚಾಚಿದರೆ ಕೈಯೇ ಕಾಣುವುದಿಲ್ಲ. ಕೆರೆಯ ಅಂಗಳದಲ್ಲಿ ಬೆಳೆದು ಮುಳುಗಿದ ಜಾಲಿ ಮುಳ್ಳು, ಬಿಟ್ಟುಹೋದ ಮೀನುಬಲೆ, ಕ್ವಾರಿಯಲ್ಲಿ ಒಡೆದ ಗ್ರಾನೈಟಿನ ಅಂಚು. 2 ಮಿ.ಮೀ. ದಾರ ಆ ಅಂಚಿಗೆ ನಾಲ್ಕು ಸಲ ಉಜ್ಜಿದರೆ ಮುಗಿಯಿತು. ಅಂಥ ಕಡೆ ಡೈವರಿನ ಹಾರ್ನೆಸ್ಸಿಗೆ 8ರಿಂದ 10 ಮಿ.ಮೀ. ಹಗ್ಗ ಕಟ್ಟಿ, ದಡದಲ್ಲಿ ಒಬ್ಬರು ಅದನ್ನು ಹಿಡಿದು, ಎಳೆತದ ಸಂಜ್ಞೆಗಳಲ್ಲೇ ಮಾತಾಡಿ, ಇನ್ನೊಬ್ಬ ಡೈವರನ್ನು ಸಿದ್ಧವಾಗಿ ಕೂರಿಸಿ ಕೆಲಸ ಮಾಡುತ್ತಾರೆ. ಅಲ್ಲಿ ಹಿಗ್ಗದ ಪಾಲಿಯೆಸ್ಟರ್ ಹಗ್ಗವೇ ಬೇಕು. ನೈಲಾನ್ ಹಿಗ್ಗಿದರೆ ಎಳೆತದ ಸಂಜ್ಞೆ ಮೊಂಡಾಗುತ್ತದೆ, ಎರಡು ಎಳೆದದ್ದು ಒಂದಾಗಿ ಕೇಳಿಸುತ್ತದೆ. ಇನ್ನೊಂದು ವಿಷಯ ಮರೆಯುವವರೇ ಹೆಚ್ಚು: ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ನೆಲ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ. 300 ಮೀಟರ್ ದಾಟಿದರೆ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ, ಸಮುದ್ರದಲ್ಲಿ ಕಲಿತ ಡೈವ್ ಟೇಬಲ್ ಹಾಗೇ ನಡೆಯುವುದಿಲ್ಲ, ಅದಕ್ಕೆ ಬೇರೆ ತರಬೇತಿ ಇದೆ.

ಕಾಪಾಡುವುದು ಸುಲಭ. ಸಮುದ್ರದಿಂದ ಬಂದ ಮೇಲೆ ರೀಲನ್ನು ನಲ್ಲಿ ಕೆಳಗೆ ಹಿಡಿದರೆ ಮೇಲಿನ ಎರಡು ಸುತ್ತಷ್ಟೇ ತೊಳೆಯುತ್ತದೆ. ಒಳಗೆ ಉಳಿದ ಉಪ್ಪು ಒಣಗಿ ಹರಳಾಗಿ ಎಳೆಗಳ ನಡುವೆ ಮರಳುಕಾಗದದಂತೆ ಉಜ್ಜುತ್ತದೆ. ದಾರ ಪೂರ್ತಿ ಬಿಚ್ಚಿ ಬಕೆಟ್ ಸಿಹಿನೀರಿನಲ್ಲಿ ಒಂದೆರಡು ಗಂಟೆ ಇಟ್ಟು, ನೀರು ಒಮ್ಮೆ ಬದಲಿಸಿ, ದೊಡ್ಡ ದೊಡ್ಡ ಸುತ್ತಾಗಿ ನೆರಳಲ್ಲಿ ನೇತುಹಾಕಿ, ಒಣಗಿದ ಮೇಲೆ ಸುತ್ತಿ. ಹಾಗೆ ಸುತ್ತುವಾಗ ದಾರ ಎರಡು ಬೆರಳ ನಡುವೆ ಹಾಯಲಿ. ರೋಮ ಎದ್ದಿದೆಯೇ, ಎಲ್ಲಾದರೂ ತೆಳುವಾಗಿದೆಯೇ, ಚಪ್ಪಟೆಯಾಗಿದೆಯೇ, ಗಡುಸಾಗಿದೆಯೇ ಎಂದು ಬೆರಳೇ ಹೇಳುತ್ತದೆ. ಸಾಮಾನ್ಯವಾಗಿ ಕೆಡುವುದು ಕುಣಿಕೆಯ ಕಡೆಯ ಮೊದಲ ಎರಡು ಮೀಟರ್. ಅಷ್ಟನ್ನು ಕತ್ತರಿಸಿ ಹೊಸ ಕುಣಿಕೆ ಹಾಕಿ, 5 ಮೀಟರಿನ ಗುರುತನ್ನು ಬಿಚ್ಚಿ ಹೊಸ ತುದಿಯಿಂದ ಅಳೆದು ಮತ್ತೆ ಹೊಲಿಯಿರಿ. ನಡುವೆ ಎಲ್ಲಾದರೂ ಕೆಟ್ಟಿದ್ದರೆ ಗಂಟು ಹಾಕಿ ಜೋಡಿಸಬೇಡಿ, ಪೂರ್ತಿ ದಾರವನ್ನೇ ಬದಲಿಸಿ.